ಒಳಗಿನವರ ಸುಳಿವು: ಜೀತದ ಆವರಣದಿಂದ ಬಿಡುಗಡೆ ಹೇಗಾಗುತ್ತದೆ?

ಮುಂಗಡದ ಸಾಲ ತೋರಿಸಿ ಕೂಡಿಹಾಕಿದ ಕೂಲಿಯವರು ಹೊರಗೆ ಬರುವುದಕ್ಕೆ ಎಷ್ಟೋ ಸಲ ಅಲ್ಲೇ ಸಂಬಳಕ್ಕಿರುವ ಇನ್ನೊಬ್ಬರು ಕಾರಣರಾಗುತ್ತಾರೆ. ಲೆಕ್ಕ ಬರೆಯುವ ಗುಮಾಸ್ತ, ರಾತ್ರಿ ಕಾವಲಿನವನು, ಟ್ರ್ಯಾಕ್ಟರ್ ಡ್ರೈವರ್, ಅಡುಗೆಯಾಕೆ, ಹೀಗೆ ಯಾರೋ ಒಬ್ಬರು ಹೆದರುತ್ತಲೇ ಹೊರಗಿನವರಿಗೆ ಒಂದು ಮಾತು ಮುಟ್ಟಿಸುತ್ತಾರೆ. ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿದೆ. ಅದನ್ನು ಆಡಿದವರಿಗೆ ಸಿಗುವ ರಕ್ಷಣೆ ಮಾತ್ರ ತೀರಾ ತೆಳುವಾದದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿನ್ನೆಲೆಯಲ್ಲಿ ಜೀತದ ಸ್ವರೂಪ, ಬಿಡುಗಡೆಯ ಕ್ರಮ ಮತ್ತು ಒಳಗಿನವರ ಪಾತ್ರವನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಪ್ರಕಾರ ಜೀತ ಯಾವುದು?

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಜೀತಕ್ಕೇ ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಹೊರಬಿತ್ತು. ಅದರ ಜಾಗದಲ್ಲಿ ಬಂದ ಜೀತ ಪದ್ಧತಿ (ರದ್ದತಿ) ಅಧಿನಿಯಮ, 1976 ಇಂದಿಗೂ ಜಾರಿಯಲ್ಲಿದೆ.

ಕಾಲಿಗೆ ಸರಪಳಿ ಇದ್ದರೆ ಮಾತ್ರ ಜೀತ ಎಂದು ಈ ಕಾಯ್ದೆ ಹೇಳುವುದಿಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ವ್ಯಕ್ತಿ ಕೂಲಿಯಿಲ್ಲದೆ ಅಥವಾ ನಾಮಮಾತ್ರ ಕೂಲಿಗೆ ದುಡಿಯಬೇಕಾಗಿ ಬಂದರೆ ಅದು ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವ, ಬೇಕೆಂದಲ್ಲಿಗೆ ಓಡಾಡುವ ಅಥವಾ ತಾನು ಬೆಳೆದದ್ದನ್ನು ಮಾರುಕಟ್ಟೆ ದರಕ್ಕೆ ಮಾರುವ ಹಕ್ಕನ್ನು ಆ ಸಾಲಕ್ಕಾಗಿ ಕಳೆದುಕೊಂಡರೂ ಅದು ಜೀತವೇ. ಸಾಲ ಅಪ್ಪನದ್ದಿರಬಹುದು, ಅಜ್ಜನದ್ದಿರಬಹುದು, ಕರಾರು ಬಾಯಿಮಾತಿನದ್ದಿರಬಹುದು.

ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ ಈ ವ್ಯಾಖ್ಯೆಯನ್ನು ಹಿಗ್ಗಿಸಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿ ಕುರಿತ 1982ರ ತೀರ್ಪು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಫರೀದಾಬಾದ್ ಕಲ್ಲು ಕ್ವಾರಿಗಳ ಕಾರ್ಮಿಕರ ಪರವಾಗಿ ಬಂಧುವಾ ಮುಕ್ತಿ ಮೋರ್ಚಾ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದೆಯೆಂದೇ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕನದ್ದು ಎಂದಿತು.

ರೇಷ್ಮೆ ಸೀಮೆಯ ಹಿನ್ನೆಲೆ

ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ 2007ರಲ್ಲಿ ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಭಾಗ ರೇಷ್ಮೆಗೆ ಹೆಸರುವಾಸಿ. ರಾಮನಗರದ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅದರ ಸುತ್ತ ನೂಲು ಬಿಚ್ಚಾಣಿಕೆ ಮತ್ತು ಹುರಿ ಮಾಡುವ ಘಟಕಗಳು ಬೆಳೆದವು. ಹೆಚ್ಚಿನವು ಮನೆಗೇ ಅಂಟಿಕೊಂಡ ಸಣ್ಣ ಶೆಡ್‌ಗಳು.

ಬಿಚ್ಚಾಣಿಕೆಯಲ್ಲಿ ಗೂಡನ್ನು ಕುದಿಯುವ ನೀರಿಗೆ ಹಾಕಿ ಅಂಟು ಸಡಿಲಿಸಬೇಕು, ಎಳೆಯ ತುದಿ ಹುಡುಕಿ ರಾಟೆಗೆ ಹತ್ತಿಸಬೇಕು. ಗೂಡು ಬೆಂದಿದೆಯೇ ಇಲ್ಲವೇ ಎಂಬುದು ಬೆರಳಿಗೆ ತಿಳಿಯುತ್ತದೆ ಎಂದು ಹಬೆಯಾಡುವ ನೀರಿಗೆ ಬರಿಗೈ ಹಾಕಿಸುತ್ತಿದ್ದರು. ಅಂಗೈ ಬೊಬ್ಬೆ ಬಂದು, ಬೆರಳ ಸಂದು ಬಿರಿದು, ಸತ್ತ ಹುಳುವಿನ ವಾಸನೆ ಮೈಗೆ ಮೆತ್ತಿಕೊಳ್ಳುತ್ತಿತ್ತು. ಹುರಿ ಮಾಡುವ ಕೋಣೆಗಳಲ್ಲಿ ಎಳೆ ಒಣಗಿ ಕಡಿಯಬಾರದೆಂದು ಗಾಳಿ ಬೆಳಕಿಗೆ ತಡೆ. ದಿನವಿಡೀ ಯಂತ್ರದ ಸಾಲಿನ ನಡುವೆ ನಿಂತು, ತುಂಡಾದ ಎಳೆಗೆ ಗಂಟು ಹಾಕುವುದು ಚಿಕ್ಕ ಬೆರಳುಗಳ ಕೆಲಸವಾಗಿತ್ತು.

ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರ ವರದಿಗಳಲ್ಲಿ, ಮಾಗಡಿ, ರಾಮನಗರವೂ ಸೇರಿದಂತೆ ಕರ್ನಾಟಕದ ರೇಷ್ಮೆ ಊರುಗಳಲ್ಲಿ ಹೆತ್ತವರು ಪಡೆದ ಮುಂಗಡಕ್ಕೆ ಮಕ್ಕಳು ದುಡಿಯುತ್ತಿದ್ದುದನ್ನು ದಾಖಲಿಸಿತು. ಆಮೇಲೆ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ಹೆಚ್ಚಿತು, ಸ್ವಯಂಚಾಲಿತ ಯಂತ್ರಗಳು ಬಂದವು, ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ ಕುಟುಂಬದ ಉದ್ಯಮದಂಥ ಕೆಲವು ವಿನಾಯಿತಿ ಬಿಟ್ಟರೆ 14 ವರ್ಷದೊಳಗಿನವರನ್ನು ಯಾವ ಉದ್ಯಮದಲ್ಲೂ ದುಡಿಸುವಂತಿಲ್ಲ ಎಂದಾಯಿತು. ಆದರೆ ಮುಂಗಡ ಕೊಟ್ಟು ಆಳು ಕಟ್ಟಿಕೊಳ್ಳುವ ರೂಢಿ ರೇಷ್ಮೆಯೊಂದಕ್ಕೆ ಸೇರಿದ್ದಲ್ಲ. ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಕೋಳಿ ಫಾರಂ, ಶುಂಠಿ ಹೊಲ, ಎಲ್ಲಿ ಹೊರಗಿನ ಕೂಲಿಯವರು ಶೆಡ್ಡಿನಲ್ಲೇ ಉಳಿದು ದುಡಿಯುತ್ತಾರೋ ಅಲ್ಲೆಲ್ಲ ಅದು ತಲೆಯೆತ್ತಬಹುದು.

ಕಾವಲು ಹೇಗಿರುತ್ತದೆ?

ಎತ್ತರದ ಕಾಂಪೌಂಡ್, ಗೇಟಿಗೆ ಬೀಗ, ನಾಯಿ, ರಾತ್ರಿ ಕಾವಲು ಇವೆಲ್ಲ ಕೆಲವು ಕಡೆ ನಿಜ. 2018ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಪೊಲೀಸರು 52 ಮಂದಿಯನ್ನು ಬಿಡಿಸಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಒಬ್ಬ ಕಾರ್ಮಿಕ ಗೋಡೆ ಹಾರಿ ತಪ್ಪಿಸಿಕೊಂಡು ಬಂದು ಹೇಳಿದ ಮೇಲೆ ವಿಷಯ ಹೊರಬಿತ್ತು.

ಆದರೆ ಗೋಡೆಯೇ ಇಲ್ಲದ ಕಡೆಯೂ ಜನ ಹೊರಗೆ ಹೋಗಲಾರರು. ಅವರನ್ನು ಕಟ್ಟಿಹಾಕುವುದು ಮುಂಗಡದ ಪುಸ್ತಕ. ಒಂದು ಉದಾಹರಣೆ ನೋಡಿ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಜೋಡಿಯ ಹೆಸರಿಗೆ ನಲವತ್ತು ಸಾವಿರ ಮುಂಗಡ. ವಾರದ ಬಟವಾಡೆಯಲ್ಲಿ ಕೈಗೆ ಬರುವುದು ಅಕ್ಕಿ ಬೇಳೆಗೆ ಸಾಲುವಷ್ಟು ಮಾತ್ರ, ಮಿಕ್ಕದ್ದನ್ನು ಮುಂಗಡಕ್ಕೆ ವಜಾ ಹಾಕಿದ್ದೇವೆ ಎಂಬ ಮಾತು. ಜ್ವರ ಬಂದು ಮಲಗಿದ ದಿನ ಖಾತೆಗೆ ಖರ್ಚು ಬೀಳುತ್ತದೆ, ಮಳೆಗೆ ಕೆಲಸ ನಿಂತರೂ ಬೀಳುತ್ತದೆ, ಊರಿನ ಸಾವಿಗೆ ಹೋಗಿಬಂದ ಬಸ್ ಚಾರ್ಜೂ ಬೀಳುತ್ತದೆ. ವರ್ಷದ ಕೊನೆಗೆ ಬಾಕಿ ಕರಗುವ ಬದಲು ಬೆಳೆದಿರುತ್ತದೆ. ಆ ಪುಸ್ತಕ ಓದಲು ಜೋಡಿಗೆ ಬರುವುದಿಲ್ಲ, ಬಂದರೂ ಕೈಗೆ ಕೊಡುವುದಿಲ್ಲ. ಆಧಾರ್ ಕಾರ್ಡ್ ಮಾಲೀಕನ ಬೀರುವಿನಲ್ಲಿ, ಮೊಬೈಲ್ ಮೇಸ್ತ್ರಿಯ ಜೇಬಿನಲ್ಲಿ. ಇಬ್ಬರೂ ಒಟ್ಟಿಗೆ ಸಂತೆಗೆ ಹೋಗುವಂತಿಲ್ಲ, ಒಬ್ಬರು ಹೋದರೆ ಇನ್ನೊಬ್ಬರು ಮಗುವಿನೊಂದಿಗೆ ಶೆಡ್ಡಿನಲ್ಲಿ ಇರಬೇಕು. ಭಾಷೆ ಬಾರದ ಊರು ಬೇರೆ.

ಒಳಗಿನವರು ಯಾರು, ಅವರಿಗೇಕೆ ಭಯ?

ಇದನ್ನೆಲ್ಲ ದಿನವೂ ನೋಡುವವನು ಪುಸ್ತಕ ಬರೆಯುವ ಗುಮಾಸ್ತ. ನಿಜವಾದ ಬಾಕಿ ಎಷ್ಟು, ಬರೆದ ಬಾಕಿ ಎಷ್ಟು, ಯಾರ ಮೇಲೆ ಕೈಮಾಡಿದರು ಎಂಬುದೆಲ್ಲ ಅವನಿಗೆ ಗೊತ್ತು. ಹೊರಗಿನವರಿಗೆ ಫೋನು ಮಾಡುವ ಧೈರ್ಯ ಬಂದರೂ ಅವನ ಮೊದಲ ಮಾತು ‘ನನ್ನ ಹೆಸರು ಎಲ್ಲೂ ಬರೀಬೇಡಿ ಸಾರ್’ ಎಂಬುದೇ ಆಗಿರುತ್ತದೆ.

ಅವನ ಹೆದರಿಕೆಗೆ ಕಾರಣಗಳಿವೆ. ಸಾಮಾನ್ಯವಾಗಿ ಅವನೂ ಅದೇ ಊರಿನವನು, ಮಾಲೀಕನ ಹಂಗಿನಲ್ಲಿರುವವನು, ಕೆಲವು ಸಲ ನೆಂಟ. ಕೆಲಸ ಹೋದರೆ ಸುತ್ತಮುತ್ತ ಇನ್ನೊಬ್ಬರು ಕರೆಯುವುದಿಲ್ಲ. ಎರಡನೆಯ ಕಾರಣ ಕಾಯ್ದೆಯಲ್ಲೇ ಇದೆ. 1976ರ ಅಧಿನಿಯಮದ ಅಪರಾಧಗಳಿಗೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ ಜಾಮೀನು ಹಕ್ಕಿನಂತೆ ಸಿಗುತ್ತದೆ. ಅಂದರೆ ಬೆಳಿಗ್ಗೆ ಹಿಡಿದ ಮಾಲೀಕ ಸಂಜೆಗೆ ಊರಿಗೆ ವಾಪಸ್. ಶಿಕ್ಷೆ ಗರಿಷ್ಠ 3 ವರ್ಷ, ದಂಡ ಗರಿಷ್ಠ 2,000 ರೂಪಾಯಿ. ಐದು ದಶಕದ ಹಿಂದಿನ ಆ ಮೊತ್ತ ಹಾಗೆಯೇ ಉಳಿದಿದೆ. ಮೂರನೆಯದು ಅವನ ಸ್ವಂತ ಪಾಲು. ಮುಂಗಡ ಕೊಟ್ಟವರಷ್ಟೇ ಅಲ್ಲ, ಜೀತಕ್ಕೆ ಕುಮ್ಮಕ್ಕು ಕೊಟ್ಟವರೂ 20ನೇ ಸೆಕ್ಷನ್‌ನಲ್ಲಿ ಅಪರಾಧಿಗಳು. ಸುಳ್ಳು ಬಾಕಿ ಬರೆದ ಕೈ ತನ್ನದೇ ಎಂಬುದನ್ನು ಗುಮಾಸ್ತ ಮರೆತಿರುವುದಿಲ್ಲ.

ರಾತ್ರೋರಾತ್ರಿ ಕಳುಹಿಸಿಬಿಟ್ಟರೆ?

ಕರುಣೆ ಬಂದ ಕಾವಲಿನವನಿಗೆ ಮೊದಲು ಹೊಳೆಯುವ ದಾರಿ ಇದೇ: ಗೇಟು ತೆರೆದು, ಬಸ್ಸಿಗೆ ದುಡ್ಡು ಕೊಟ್ಟು, ಅಂಥ ಜೋಡಿಯನ್ನು ಕತ್ತಲಲ್ಲಿ ದಾಟಿಸಿಬಿಡುವುದು. ಹೊಡೆತ, ಲೈಂಗಿಕ ದೌರ್ಜನ್ಯ, ಪ್ರಾಣಭಯ ಇರುವಲ್ಲಿ ಒಂದು ಗಳಿಗೆಯೂ ಕಾಯಬಾರದು ನಿಜ. ಅಂಥ ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದೇ ಸರಿ. ಉಳಿದ ಕಡೆ ಓಡಿಹೋದವರಿಗೆ ಮೂರು ತೊಂದರೆಗಳು ಕಾದಿರುತ್ತವೆ. ಮೇಸ್ತ್ರಿ ನೇರ ಅವರ ಊರಿಗೇ ಹೋಗಿ ಅಪ್ಪ ಅಮ್ಮನನ್ನು ಹಿಡಿದು ಮುಂಗಡ ಕೇಳುತ್ತಾನೆ. ‘ದುಡ್ಡು ತಿಂದು ಓಡಿಹೋದರು’ ಎಂದು ಮಾಲೀಕನೇ ಮೊದಲು ಠಾಣೆಗೆ ದೂರು ಕೊಡಬಹುದು. ಒಳಗೆ ಉಳಿದವರ ಮೇಲೆ ಕಾವಲು ಇನ್ನೂ ಬಿಗಿಯಾಗುತ್ತದೆ.

ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ಅಳಿಸಿಹೋಗಿದೆ, ಅದನ್ನು ತೀರಿಸುವ ಹೊಣೆ ಯಾರಿಗೂ ಇಲ್ಲ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಭಾರವನ್ನು 15ನೇ ಸೆಕ್ಷನ್ ಸಾಲ ಕೊಟ್ಟವನ ಮೇಲೇ ಹಾಕುತ್ತದೆ. ಆದರೆ ಓಡಿಬಂದವರ ಕೈಯಲ್ಲಿ ಇದನ್ನೆಲ್ಲ ಹೇಳುವ ಕಾಗದವಿಲ್ಲದಿದ್ದರೆ ಮೇಸ್ತ್ರಿಯ ಬಾಯಿ ಮುಚ್ಚಿಸುವುದು ಕಷ್ಟ. ಹಾಗೆ ಓಡಿಬಂದವರೂ ಆಮೇಲೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ವಿಚಾರಣೆ ಕೇಳಬಹುದು. ತಪ್ಪಿಸಿಕೊಂಡಿದ್ದಾರೆ ಎಂಬ ಕಾರಣಕ್ಕೆ ಅವರ ಹಕ್ಕು ಹೋಗುವುದಿಲ್ಲ.

ಸುಳಿವಿನಿಂದ ದಾಳಿಯವರೆಗೆ

ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಹೊಣೆ ಜಿಲ್ಲಾಧಿಕಾರಿ ಮತ್ತು ಅವರು ಅಧಿಕಾರ ಕೊಟ್ಟ ಅಧಿಕಾರಿಗಳದ್ದು. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಮತ್ತು ಇಬ್ಬರು ಸಮಾಜ ಸೇವಕರು ಕಡ್ಡಾಯ. ಪೊಲೀಸ್ ಠಾಣೆಗೆ ಹೋಗಲು ಅಂಜುವ ಗುಮಾಸ್ತನಿಗೆ ಈ ಸಮಿತಿಯ ಸದಸ್ಯರೊಬ್ಬರು ಸಿಕ್ಕರೆ ದಾರಿ ಸಲೀಸು. ಕರ್ನಾಟಕದಲ್ಲಿ ಜೀವಿಕದಂಥ ಸಂಘಟನೆಗಳು ದಶಕಗಳಿಂದ ಈ ನಡುವಣ ಕೆಲಸ ಮಾಡುತ್ತ ಬಂದಿವೆ. ಮಕ್ಕಳಿದ್ದರೆ 1098, ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಉಚಿತ ಕಾನೂನು ನೆರವಿಗೆ 15100. ಹೆಸರು ಹೇಳದೆಯೂ ವಿಷಯ ತಿಳಿಸಬಹುದು.

ಸುಳಿವಿನಲ್ಲಿ ಏನಿರಬೇಕು ಎಂಬುದು ಮುಖ್ಯ. ‘ಅಲ್ಲಿ ಅನ್ಯಾಯ ನಡೀತಿದೆ’ ಎಂದರೆ ಅಧಿಕಾರಿ ಏನೂ ಮಾಡಲಾರ. ಎಷ್ಟು ಜನ, ಎಷ್ಟು ಮಕ್ಕಳು, ಯಾವ ಊರಿನವರು, ಯಾವ ಹೊತ್ತಿನಲ್ಲಿ ಎಲ್ಲರೂ ಒಂದೇ ಕಡೆ ಇರುತ್ತಾರೆ, ಹಿಂದಿನ ಗೇಟು ಎಲ್ಲಿದೆ, ಮುಂಗಡದ ಪುಸ್ತಕ ಎಲ್ಲಿಡುತ್ತಾರೆ ಎಂಬುದು ಬೇಕು. ಪುಸ್ತಕದ ಒಂದೆರಡು ಹಾಳೆಯ ಫೋಟೊ ಸಿಕ್ಕರೆ ವಿಚಾರಣೆಯ ಅರ್ಧ ಕೆಲಸ ಮುಗಿದಂತೆ.

ದಾಳಿ ಕೆಡುವುದು ಹೆಚ್ಚಾಗಿ ಸುದ್ದಿ ಸೋರುವುದರಿಂದ. ತಂಡ ಬರುವ ಹಿಂದಿನ ರಾತ್ರಿಯೇ ಜನರನ್ನು ಲಾರಿಗೆ ತುಂಬಿ ಬೇರೆಡೆ ಸಾಗಿಸಿದರೆ ಸಿಗುವುದು ಖಾಲಿ ಶೆಡ್ಡು, ಆಮೇಲೆ ಒಳಗಿನವನ ಪತ್ತೆಯ ಬೇಟೆ. ಬಂದ ತಂಡ ಮಾಲೀಕನ ಎದುರಿನಲ್ಲೇ ಹೇಳಿಕೆ ಪಡೆದರೂ ಕೆಲಸ ಕೆಡುತ್ತದೆ. ‘ನಾವು ಖುಷಿಯಾಗಿದ್ದೇವೆ ಸ್ವಾಮಿ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಜನರನ್ನು ಆವರಣದಿಂದ ಹೊರಗೆ ಕರೆತಂದು, ಊಟ ಕೊಟ್ಟು, ಅವರ ಭಾಷೆ ಬಲ್ಲವರನ್ನು ಕೂರಿಸಿಕೊಂಡು, ಒಬ್ಬೊಬ್ಬರನ್ನೇ ಕೇಳಬೇಕು. ಗುಮಾಸ್ತನನ್ನೂ ಉಳಿದ ಸಿಬ್ಬಂದಿಯ ಜೊತೆಯಲ್ಲೇ, ಉಳಿದವರಂತೆಯೇ ವಿಚಾರಿಸುವುದು ಅವನಿಗೆ ಮಾಡುವ ಉಪಕಾರ.

ಬಿಡುಗಡೆ ಪತ್ರ ಮತ್ತು ಪುನರ್ವಸತಿ

ವಿಚಾರಣೆಯಲ್ಲಿ ಜೀತ ಎಂದು ಕಂಡುಬಂದರೆ ಬಿಡುಗಡೆ ಪ್ರಮಾಣಪತ್ರ ಕೊಡಲಾಗುತ್ತದೆ. ಸಾಲ ರದ್ದಾಗಿದೆ ಎಂದು ಊರಿನಲ್ಲಿ ತೋರಿಸಲು ಇದೇ ಆಧಾರ. ಕೇಂದ್ರದ 2016ರ ಯೋಜನೆಯಂತೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಮಾನವ ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ತಕ್ಷಣದ ನೆರವು ಮೊದಲು 20,000 ಇತ್ತು, ನಂತರ 30,000 ರೂಪಾಯಿವರೆಗೆ ಏರಿತು.

ತಕ್ಷಣದ ನೆರವಿಗೆ ಮೊಕದ್ದಮೆಯ ಫಲಿತಾಂಶ ಕಾಯಬೇಕಿಲ್ಲ. ಪೂರ್ತಿ ಮೊತ್ತ ಮಾತ್ರ ಆರೋಪ ರುಜುವಾತಾಗುವುದರ ಜೊತೆ ತಳುಕು ಹಾಕಿಕೊಂಡಿದೆ. ಬಿಡಿಸಿ ಕೈಬಿಟ್ಟರೆ ಹಸಿವು ಅವರನ್ನು ಮತ್ತೆ ಅದೇ ಮುಂಗಡಕ್ಕೆ ತಳ್ಳುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1984ರಲ್ಲೇ ನೀರಜಾ ಚೌಧರಿ ಪ್ರಕರಣದಲ್ಲಿ ಒತ್ತಿ ಹೇಳಿತ್ತು. ರುಜುವಾತಾಗಬೇಕಾದರೆ ಸಾಕ್ಷಿ ಬೇಕು. ಬಿಡುಗಡೆಯಾದ ಜೋಡಿ ರಾಯಚೂರಿಗೋ ಒಡಿಶಾಕ್ಕೋ ಹೊರಟುಹೋದ ಮೇಲೆ ಊರಿನಲ್ಲಿ ಉಳಿಯುವ ಸಾಕ್ಷಿ ಆ ಗುಮಾಸ್ತನೇ.

ಸುಳಿವು ಕೊಟ್ಟವರಿಗೆ ರಕ್ಷಣೆ

ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಗುರುತು ಮರೆಮಾಚುವುದು, ಮನೆಗೆ ಪೊಲೀಸ್ ನಿಗಾ, ಬೇರೆ ಕಡೆ ವಾಸಕ್ಕೆ ವ್ಯವಸ್ಥೆ ಇವೆಲ್ಲ ಅದರಲ್ಲಿವೆ. ರಾಜ್ಯಗಳು ಇಂಥ ಯೋಜನೆ ರೂಪಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ.

ತೊಡಕಿರುವುದು ಅಪರಾಧದ ಮಿತಿಯಲ್ಲಿ. ಮಹಿಳೆಯರ ಮೇಲಿನ ಕೆಲವು ಅಪರಾಧಗಳನ್ನು ಬಿಟ್ಟರೆ, 2018ರ ಯೋಜನೆ ಅನ್ವಯಿಸುವುದು 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳಿಗೆ. ಜೀತ ಕಾಯ್ದೆಯ ಗರಿಷ್ಠ ಶಿಕ್ಷೆ 3 ವರ್ಷ. ಪೊಲೀಸರು ಆ ಕಾಯ್ದೆಯೊಂದರಲ್ಲೇ ಮೊಕದ್ದಮೆ ಹೂಡಿದರೆ ಗುಮಾಸ್ತನಿಗೆ ಈ ಯೋಜನೆಯ ನೆರಳು ಸಿಗುವುದಿಲ್ಲ. ಆಮಿಷ, ಮೋಸ, ಬೆದರಿಕೆಯಿಂದ ಕರೆತಂದು ದುಡಿಸಿದ್ದು ಕಂಡಾಗ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್, ಅಂದರೆ ಮಾನವ ಸಾಗಣೆ, ಸೇರಿಸಿದರೆ ಚಿತ್ರವೇ ಬೇರೆ. ಅದರ ಕನಿಷ್ಠ ಶಿಕ್ಷೆಯೇ 7 ವರ್ಷ. ಮಾಲೀಕನಿಗೆ ಸುಲಭದ ಜಾಮೀನಿಲ್ಲ, ಸಾಕ್ಷಿಗೆ ರಕ್ಷಣೆಯ ಅರ್ಜಿ ಹಾಕಲು ದಾರಿಯಿದೆ. ತಪ್ಪಿನಲ್ಲಿ ತಾನೂ ಭಾಗಿಯಾಗಿದ್ದವನು ನಿಜ ಹೇಳಿ ಮಾಫಿ ಸಾಕ್ಷಿಯಾಗಲೂ ಅವಕಾಶವಿದೆ. ಬಿಡುಗಡೆ ಮಾಡಿಸಲು ಹೋದ ತಂಡ ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್‌ಗಳಿವೆ ಎಂದು ನೋಡದೆ ಠಾಣೆಯಿಂದ ಹೊರಡಬಾರದು ಎನ್ನುವುದು ಇದಕ್ಕೇ. ಹೊರಬಂದವರ ಪರಿಹಾರದ ಜೊತೆಗೆ, ಅವರಿಗಾಗಿ ಬಾಯಿಬಿಟ್ಟವನು ಅದೇ ಊರಿನಲ್ಲಿ ಬಾಳುವ ಬಗೆಯೂ ಆ ಒಂದು ಸಾಲನ್ನು ಅವಲಂಬಿಸಿದೆ.