ಅಳಿದವರ ನೆನಹು



ಊರ ಹೊರಗೆ ನಿಂತ ವೀರಗಲ್ಲುಗಳನ್ನು ನಾವು ನೋಡಿದ್ದೇವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಊರಿಗಾಗಿ, ತುರುಗಳಿಗಾಗಿ ಮಡಿದವನಿಗೆ ಹಿರಿಯರು ಸಲ್ಲಿಸಿದ ಮರ್ಯಾದೆ ಅದು. ಸಲ್ಲೇಖನದಿಂದ ದೇಹ ಬಿಟ್ಟ ಜೈನರಿಗೆ ನಿಷಿಧಿಗಲ್ಲು ನಿಲ್ಲಿಸಿದರು.

ಕಲ್ಲು ನಿಲ್ಲಿಸಿದ ಮಾತ್ರಕ್ಕೆ ನೆನಹು ಉಳಿಯುವುದೇ? ಮಂಡ್ಯ ಸೀಮೆಯ ಆತಕೂರಿನ ಶಾಸನ ಸುಮಾರು 949ರದು. ಮಣಲೇರನೆಂಬ ವೀರನು ಗಂಗರ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯೆಂದು ಕಟ್ಟಳೆ ಮಾಡಿದರು. ನೋಡಿರಿ, ಒಂದು ಮೂಕಪ್ರಾಣಿಯ ಋಣವನ್ನೂ ಅವರು ಮರೆಯಲಿಲ್ಲ!

ನಮ್ಮ ಕಲ್ಲೋಳಿಯ 1204ರ ಶಾಸನ ಸತ್ತವರ ಕಲ್ಲಲ್ಲ; ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಶಾಂತಿನಾಥ ಬಸದಿಗೆ ಕೊಟ್ಟ ದತ್ತಿಯ ಕಲ್ಲು. ರಟ್ಟರ ರಾಜ್ಯ ಅಳಿಯಿತು. ಕೊಟ್ಟವರ ಹೆಸರು ಅಳಿಯಲಿಲ್ಲ.

ಶರಣರಿಗೆ ಸಾವು ಸೂತಕವಲ್ಲ, ಲಿಂಗೈಕ್ಯ. ಗದ್ದುಗೆಗೆ ಹೂ ಏರಿಸಿ, ಹಸಿದವನನ್ನು ಬಾಗಿಲಿನಿಂದಲೇ ಕಳಿಸಿದರೆ ನಾವು ಯಾರನ್ನು ನೆನೆದಂತಾಯಿತು? ಹೊಲದ ಬದುವಿನ ಹಳೆಯ ಕಲ್ಲನ್ನು ಬಟ್ಟೆ ಒಗೆಯುವ ಬಂಡೆ ಮಾಡಬೇಡಿರಿ. ಅದು ಯಾರದೆಂದು ಹಿರಿಯರನ್ನು ಕೇಳಿರಿ, ಮಕ್ಕಳಿಗೆ ಹೇಳಿರಿ. ಅಗಲಿದ ತಂದೆತಾಯಿಗಳ ಹೆಸರಿನಲ್ಲಿ ಒಂದು ತುತ್ತು ದಾಸೋಹಕ್ಕೆ ಸಲ್ಲಲಿ. ಉಣಿಸುವ ಕೈ ಇರುವವರೆಗೆ ಅವರ ಹೆಸರು ಇರುತ್ತದೆ.