ಹಳೇ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ: ಒಂದು ಸಾಗಾಟದ ಚರಿತ್ರೆ

1956 ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ನವೆಂಬರ್ 1. ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಒಂದಾದ ದಿನ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಕಂಪನಿ ‘ರಾಮಾಕ್’ ಅನ್ನುವ ಯಂತ್ರವನ್ನು ಹೊರತಂದಿತು. ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಇದ್ದದ್ದು ಅದರಲ್ಲಿ. 24 ಇಂಚು ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೀರಿದ ತೂಕ. ಇಷ್ಟೆಲ್ಲ ಮಾಡಿ ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಹೆಚ್ಚುಕಡಿಮೆ 5 ಎಂಬಿ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅಷ್ಟಿರುತ್ತದೆ!

ಹೀಗೆ ಏಕೀಕೃತ ಕರ್ನಾಟಕಕ್ಕೂ ಹಾರ್ಡ್ ಡಿಸ್ಕಿಗೂ ಒಂದೇ ವಯಸ್ಸು. ಕಾಕತಾಳೀಯ ಅಷ್ಟೇ, ಜಾಸ್ತಿ ಅರ್ಥ ಹುಡುಕಬೇಡಿ :) ಆದರೆ ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹಳೇ ಡಿಸ್ಕಿನ ಮಾಹಿತಿಯನ್ನು ಹೊಸದಕ್ಕೆ ಸಾಗಿಸುತ್ತಾ ಕೂತಾಗ ಈ ಎರಡೂ ಕಥೆಗಳು ಒಂದಕ್ಕೊಂದು ತೆಕ್ಕೆ ಬಿದ್ದವು. ಅದನ್ನೇ ಬರೆಯೋಣ ಅಂತ.

ಆ ಡಿಸ್ಕು ನಮ್ಮ ದೊಡ್ಡಪ್ಪನದು. 2000ದ ದಶಕದಲ್ಲಿ ಅವರು ಊರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ತಹಶೀಲ್ದಾರರಿಗೆ ಬರೆಯುವ ಅರ್ಜಿ ಎಲ್ಲವೂ ಅಲ್ಲಿ ಟೈಪಾಗುತ್ತಿತ್ತು. ಅಂಗಡಿ ಮುಚ್ಚಿ ವರ್ಷಗಳಾದವು. 40 ಜಿಬಿಯ ಡಿಸ್ಕು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು. ರಾಮಾಕಿನ ಎಂಟು ಸಾವಿರ ಪಟ್ಟು ಸಾಮರ್ಥ್ಯ, ಕೈಯಲ್ಲಿ ಹಿಡಿದರೆ ಅರ್ಧ ಇಟ್ಟಿಗೆಯಷ್ಟೂ ಭಾರವಿಲ್ಲ.

ಅದರಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು ಫೈಲು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಒಂದು ಹಳ್ಳಿಯ ಮನೆಮನೆಯ ಪಟ್ಟಿ. ಅಣೆಕಟ್ಟಿನ ಕೆಲಸ ಶುರುವಾದದ್ದು 1945ರ ಫೆಬ್ರವರಿ 28ರಂದು. ಆಗ ನದಿಯ ಒಂದು ದಂಡೆ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ನಿಜಾಮರದು. ಎರಡೂ ಕಡೆ ಅದೇ ದಿನ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಹತ್ತಾರು ಹಳ್ಳಿಗಳು ಗಂಟುಮೂಟೆ ಕಟ್ಟಿಕೊಂಡು ಎತ್ತರದ ಜಾಗಕ್ಕೆ ಬಂದಿದ್ದವು. ಅಂಥ ಒಂದು ಹಳ್ಳಿಯ ಹಿರಿಯರೊಬ್ಬರು ಅಂಗಡಿಗೆ ಬಂದು, ಯಾವ ಓಣಿಯಲ್ಲಿ ಯಾರ ಮನೆ, ಯಾರ ಮನೆಯ ಹಿಂದೆ ಯಾರ ಕಣ, ಬಾವಿ ಎಲ್ಲಿ, ಗುಡಿ ಎಲ್ಲಿ ಅಂತ ನೆನಪಿನಿಂದಲೇ ಹೇಳಿ ಬರೆಸಿದ್ದರಂತೆ. ಪುಸ್ತಿಕೆ ಮಾಡಿಸುವ ಆಸೆ ಇತ್ತು, ಆಗಲಿಲ್ಲ. ಹೇಳಿದವರು ಈಗಿಲ್ಲ. ಟೈಪ್ ಮಾಡಿದ ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಕಾಗದದ ಮೇಲೆ ಎಲ್ಲೂ ಇಲ್ಲ. ಇದ್ದರೆ ಆ ಡಿಸ್ಕಿನಲ್ಲಿ ಮಾತ್ರ.

ಹಳೇ ಡಿಸ್ಕಿಗೆ ಅಗಲವಾದ ಪಟ್ಟಿಯಂಥ ಕೇಬಲ್ಲು, ಈಗಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಯುಎಸ್‌ಬಿಗೆ ಹೊಂದಿಸುವ ಅಡಾಪ್ಟರ್ ತರಿಸಿದೆ. ಕರೆಂಟು ಕೊಟ್ಟ ಕೂಡಲೇ ಡಿಸ್ಕು ಟಕ್ ಟಕ್ ಅನ್ನತೊಡಗಿತು. ಈ ಸದ್ದು ಕೇಳಿದರೆ ನಮ್ಮ ಕಸುಬಿನವರಿಗೆ ಎದೆ ಧಸಕ್ಕೆನ್ನುತ್ತದೆ. ಇಂಥ ಹೊತ್ತಿನಲ್ಲಿ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂರಬಾರದು. ‘ಡಿಡಿರೆಸ್ಕ್ಯೂ’ ಅನ್ನುವ ಉಚಿತ ತಂತ್ರಾಂಶ ಇದೆ. ಅದು ಮೊದಲು ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಗಳನ್ನು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ, ಕೊನೆಗೆ ತಿರುಗಿ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬೆಂಕಿ ಬಿದ್ದ ಬಣವೆಯಿಂದ ಮೊದಲು ಒಳ್ಳೆಯ ಸೊಪ್ಪೆ ಎಳೆದುಕೊಂಡಂತೆ.

ಒಂದು ಇಡೀ ರಾತ್ರಿ ಹಿಡಿಯಿತು. ಬೆಳಗ್ಗೆ ನೋಡಿದರೆ ನಾಲ್ಕಾರು ಚೂರು ಬಿಟ್ಟು ಎಲ್ಲವೂ ಹೊಸ ಡಿಸ್ಕಿನಲ್ಲಿ! ಪಟ್ಟಿಯ ಫೈಲೂ ಇತ್ತು. ತೆರೆದರೆ...

ಒಂದಕ್ಷರ ಕನ್ನಡ ಇಲ್ಲ.

ಫೈಲು ಕೆಟ್ಟಿರಲಿಲ್ಲ, ಒಂದು ಬಿಟ್ಟೂ ಆಚೀಚೆ ಆಗಿರಲಿಲ್ಲ. ಅದು ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು. ಆ ಕಾಲದ ಪದ್ಧತಿಯೇ ಹಾಗಿತ್ತು. ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದರು. ನುಡಿಯಲ್ಲಿ ‘ಕನ್ನಡ’ ಅಂತ ಬರೆದದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೊದಲಿಗೆ ಇಂಗ್ಲಿಷಿನ ಪಿ ಕಾಣುತ್ತದೆ, ಆಮೇಲೆ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ! ಮನುಷ್ಯನ ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ಗೀಚು.

ಇದನ್ನು ಹೀಗಳೆಯಲು ಹೇಳುತ್ತಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಸರ್ಕಾರದ ಕೀಲಿಮಣೆಗೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಟ್ಟಿತು. ಇವರೆಲ್ಲ ಇರದಿದ್ದರೆ ಆ ಪಟ್ಟಿ ಟೈಪೇ ಆಗುತ್ತಿರಲಿಲ್ಲ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇತ್ತು, ನಿಜ. ಆದರೆ ಅದು ನಮ್ಮಂಥ ಊರಿನ ಅಂಗಡಿಗೆ ತಲುಪಬೇಕಲ್ಲ? 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಯೂನಿಕೋಡ್ ಫಾಂಟು ಬಂತು, ಅದರ ಹೆಸರು ‘ತುಂಗಾ’. ಆದರೂ ಡಿಟಿಪಿಯವರು ಬಳಸುತ್ತಿದ್ದದ್ದು ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ. ಅದೇ 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿಯೂ ಆಯಿತು.

ಹಳೇ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒಳಗಿನ ಕೆಲಸ ಮಾತ್ರ ಅಂದುಕೊಂಡಷ್ಟು ಸರಳವಲ್ಲ. ‘ಕರ್ನಾಟಕ’ ಪದವನ್ನೇ ನೋಡಿ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಕ, ನಾ, ಅದರ ಮುಂದೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ನುಡಿಯುವ ಕ್ರಮ: ಕ, ಆಮೇಲೆ ರ್, ಆಮೇಲೆ ನಾ. ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ತಂದು ಕೂರಿಸಬೇಕು, ಒತ್ತಕ್ಷರಗಳನ್ನು ಬಿಡಿಸಿ ಜೋಡಿಸಬೇಕು.

ಹೀಗೆ ಮಾಧ್ಯಮ ಬದಲಿಸುತ್ತಾ ಬಂದದ್ದು ಹೊಸದೇನಲ್ಲ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಯಲ್ಲಿ ಬರೆಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವೆ. ದಾನಚಿಂತಾಮಣಿ ಅಂತಷ್ಟೇ ಹೊಗಳುತ್ತೇವೆ. ನನ್ನ ಕಣ್ಣಿಗೆ ಆಕೆ ಕನ್ನಡದ ಮೊದಲ ಬ್ಯಾಕಪ್ ಎಂಜಿನಿಯರ್. ಓಲೆಗೆ ಹುಳ ಹಿಡಿಯುತ್ತದೆ, ಇರುವೆಡೆ ಬೆಂಕಿ ಬೀಳುತ್ತದೆ, ಒಂದೇ ಕಡೆ ಇದ್ದರೆ ಉಳಿಯುವುದಿಲ್ಲ ಅನ್ನುವುದು ಆಗಲೇ ಗೊತ್ತಿತ್ತು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಕಂಪನಿ ಸರ್ಕಾರಕ್ಕೆ ಬಂತು. ಆ ಕಾಲದಲ್ಲಿ ಕರ್ನಲ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು ಬರೆಸಿಕೊಂಡ. 1821ರಲ್ಲಿ ಆತ ತೀರಿಕೊಂಡ ಮೇಲೆ ಸಂಗ್ರಹ ಕಲ್ಕತ್ತ, ಲಂಡನ್, ಮದ್ರಾಸ್ ಅಂತ ಹಂಚಿಹೋಯಿತು. ಅದರಲ್ಲಿದ್ದ ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಪುಸ್ತಕವಾಗಿ ಬಂದವು, ಅದೂ ನಮ್ಮ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ಎರಡು ಶತಮಾನದ ಸಾಗಾಟ!

ಇನ್ನು ನಮ್ಮ ಕಾಲದ್ದು ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದವು. ಗಣಕೀಕರಣವಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದಾಯಿತು. ಒಳ್ಳೆಯದೇ ಆಯಿತು. ಆದರೆ ಸಾಗಾಟದಲ್ಲಿ ತಪ್ಪಿದ ಒಂದು ಹೆಸರು, ಒಂದು ಗುಂಟೆ ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ತಾಲ್ಲೂಕು ಕಚೇರಿಯ ಮುಂದೆ ತಿದ್ದುಪಡಿ ಅರ್ಜಿ ಹಿಡಿದು ನಿಂತ ರೈತರನ್ನು ಕೇಳಿ.

ನಮ್ಮ ಊರುಗಳೇ ಸಾಗಿ ಬಂದಿವೆ. ಹಗರಿಬೊಮ್ಮನಹಳ್ಳಿ ಸೀಮೆ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಬಂತು. ಪಕ್ಕದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, ಆಮೇಲೆ ವಿಜಯನಗರಕ್ಕೆ ಸೇರಿತು. ಊರು ಇದ್ದಲ್ಲೇ ಇದೆ, ಫೋಲ್ಡರ್ ಮಾತ್ರ ಬದಲಾಗುತ್ತಿದೆ. ಹಾಗಾಗಿ ಒಂದೇ ಹೊಲದ ಕಾಗದವನ್ನು ಹುಡುಕಲು ಮೂರು ಕಚೇರಿ ಸುತ್ತಬೇಕು.

ಮುಳುಗಿದ ಹಳ್ಳಿಗಳದ್ದು ಮಾತ್ರ ಬೇರೆ ಕಥೆ. ಅಲ್ಲಿ ಜನ ಬಂದರು, ದನ ಬಂದವು, ಕೆಲವೆಡೆ ದೇವರೂ ಬಂದ. ಯಾರ ಮನೆಯ ಪಕ್ಕ ಯಾರ ಮನೆ ಅನ್ನುವುದು ಮಾತ್ರ ನೀರಿನಡಿ ಉಳಿಯಿತು. ಆ ಪಟ್ಟಿ ಯಾಕೆ ಬೇಕು ಅಂತ ಕೇಳಿದವರಿಗೆ ನನ್ನ ಉತ್ತರ ಇದೇ.

ಯೂನಿಕೋಡಿಗೆ ತಿರುಗಿಸಿದ ಪಟ್ಟಿಯನ್ನು ದೊಡ್ಡಪ್ಪನ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಒಂದು ಕಡೆ ‘ಕಾಣದವರ ಮನೆ’ ಅಂತಿತ್ತು. ದೊಡ್ಡಪ್ಪ ತಡೆದರು:

“ಕಾಣದವರು ಅಲ್ಲಲೇ ತಮ್ಮಾ, ಕಣದವರು. ಅವರ ಮನಿ ಹಿಂದ ದೊಡ್ಡ ಕಣ ಇತ್ತಂತ. ಅವತ್ತು ಕರೆಂಟ್ ಹೋಗ್ತೈತಂತ ಅವಸರದಾಗ ಹೊಡ್ದಿದ್ದೆ.”

ನೋಡಿ, ಇದನ್ನು ಯಾವ ತಂತ್ರಾಂಶ ಹೇಳೀತು? ಎರಡೂ ಸರಿಯಾದ ಕನ್ನಡ ಪದಗಳೇ. ಬಿಟ್ಟು ಬಿಟ್ಟೂ ಹೊಂದುತ್ತದೆ, ಅಕ್ಷರ ಪರಿವರ್ತನೆಯೂ ಸರಿ, ಆದರೂ ಮನೆತನವೊಂದರ ಹೆಸರೇ ತಪ್ಪು. ಹೀಗೆ ಹನ್ನೊಂದು ಕಡೆ ತಿದ್ದಿದೆವು. ಇನ್ನೂ ಐದು ವರ್ಷ ಬಿಟ್ಟು ಈ ಕೆಲಸಕ್ಕೆ ಕೈಹಾಕಿದ್ದರೆ ಡಿಸ್ಕು ಓಡುತ್ತಿತ್ತೋ ಇಲ್ಲವೋ, ತಿದ್ದುವವರು ಸಿಗುತ್ತಿದ್ದರೋ ಇಲ್ಲವೋ.

ನನಗೆ ಅನ್ನಿಸಿದ್ದು ಇಷ್ಟು. ಸಾಗಾಟದಲ್ಲಿ ಮೂರು ಹಂತ ಇವೆ. ಬಿಟ್ಟುಗಳನ್ನು ಸಾಗಿಸುವುದು ಯಂತ್ರದ ಕೆಲಸ, ಒಂದು ರಾತ್ರಿ ಸಾಕು. ಅಕ್ಷರಗಳನ್ನು ಸಾಗಿಸುವುದು ತಂತ್ರಾಂಶದ ಕೆಲಸ, ಒಂದೆರಡು ದಿನ. ಅರ್ಥವನ್ನು ಸಾಗಿಸಲು ಮಾತ್ರ ಗೊತ್ತಿದ್ದ ಮನುಷ್ಯರೇ ಬೇಕು, ಅವರು ಇರುವಷ್ಟೇ ದಿನ ಸಮಯ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಲ್ಲಾ ಕಡೆ ಇಂಥ ಡಿಟಿಪಿ ಅಂಗಡಿಗಳಿದ್ದವು. ಅವುಗಳ ಡಿಸ್ಕುಗಳಲ್ಲಿ ಊರ ಚರಿತ್ರೆ, ಭಜನೆ ಪದ, ಸಂಘದ ವರದಿ, ವಂಶಾವಳಿ ಏನೇನು ಕೂತಿವೆಯೋ! ಹಳೇ ಕಂಪ್ಯೂಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಡಿಸ್ಕು ಬಿಚ್ಚಿಟ್ಟುಕೊಳ್ಳಿ. ಸಿಕ್ಕ ಬರಹವನ್ನು ಯೂನಿಕೋಡಿಗೆ ತಿರುಗಿಸಿ ಸರಳ ಪಠ್ಯವಾಗಿ ಉಳಿಸಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ, ಇನ್ನೊಂದನ್ನು ಕಾಗದದ ಮೇಲೆ ಮುದ್ರಿಸಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದಿ.