ಅರಳಗುಪ್ಪೆಯ ಶಿಲ್ಪವೂ ದೃಷ್ಟಿಯ ಮಾಯೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬೀ ಮೂರು ತಾಲ್ಲೂಕುಗಳ ಸೀಮೆಯು ತೆಂಗಿಗೂ ಕೊಬ್ಬರಿಗೂ ಹೆಸರಾದುದು. ಇದೇ ಸೀಮೆಯಲ್ಲಿ, ತೋಟಗಳ ಮರೆಯಲ್ಲಿ, ಕಣ್ಣನ್ನು ಬೆರಗುಗೊಳಿಸುವ ವಿದ್ಯೆಯೊಂದು ಕಲ್ಲಿನಲ್ಲಿ ನೆಲೆಸಿರುವುದನ್ನು ಅರಿತವರು ಕಡಮೆ. ಕೊಬ್ಬರಿಯ ಸಂತೆಗೆ ಬರುವವರು ಅನೇಕರು; ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ದೇಗುಲಗಳ ಮುಂದೆ ಅರ್ಧ ಗಳಿಗೆ ನಿಲ್ಲುವವರು ವಿರಳ.

ಭ್ರಮೆಯ ವಿಚಾರವು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಮಬ್ಬಿನಲ್ಲಿ ಹಗ್ಗವು ಹಾವಾಗಿ ತೋರುವುದೂ ಚಿಪ್ಪು ಬೆಳ್ಳಿಯಾಗಿ ತೋರುವುದೂ ವೇದಾಂತಿಗಳ ನಿತ್ಯದೃಷ್ಟಾಂತಗಳು. ದೀಪವನ್ನು ತಂದೊಡನೆ ಹಾವು ಮಾಯವಾಗುವುದು. ಆಲಂಕಾರಿಕರಾದರೋ ಬೇರೊಂದು ದೃಷ್ಟಾಂತವನ್ನು ಹಿಡಿದರು. ಕ್ರಿ. ಶ. 9ನೆಯ ಶತಮಾನದ ಶ್ರೀಶಂಕುಕನ ಮತವು ಅಭಿನವಗುಪ್ತನ ‘ಅಭಿನವಭಾರತಿ’ಯ ಮೂಲಕ ನಮಗೆ ತಿಳಿದುಬಂದಿದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವಷ್ಟೆ. ಆ ಜ್ಞಾನವು ಯಥಾರ್ಥವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಬರಿಯ ಸಾದೃಶ್ಯವೂ ಅಲ್ಲ. ಈ ನಾಲ್ಕಕ್ಕೂ ವಿಲಕ್ಷಣವಾದುದು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ದೀಪವನ್ನು ತಂದರೂ ಆ ಕುದುರೆಯು ಓಡಿಹೋಗದು. ಇನ್ನಷ್ಟು ಚೆಲುವಾಗಿ ತೋರುವುದು. ಮೋಸಕ್ಕೂ ಕಲೆಗೂ ಇರುವ ಅಂತರವು ಇಷ್ಟೆ.

ಈ ನ್ಯಾಯವನ್ನು ಕಲ್ಲಿನಲ್ಲಿ ಕಾಣಬೇಕಾದರೆ ಅರಳಗುಪ್ಪೆಗೆ ಹೋಗಬೇಕು. ಅಲ್ಲಿಯ ಕಲ್ಲೇಶ್ವರ ದೇವಾಲಯವು ಹೊಯ್ಸಳರಿಗಿಂತ ಹಳೆಯದು. ಗಂಗ ನೊಳಂಬರ ಕಾಲದ್ದು, ಸುಮಾರು 9ನೆಯ ಶತಮಾನದ ಕೆಲಸ. ಮಂಟಪದ ಒಳಮಾಳಿಗೆಯ ನಡುವೆ ಶಿವನು ನರ್ತಿಸುತ್ತಿರುವನು. ಸುತ್ತಲೂ ಅಷ್ಟದಿಕ್ಪಾಲಕರು ಇರುವರು. ಮೂಡಲಿಗೆ ಇಂದ್ರ, ತೆಂಕಲಿಗೆ ಯಮ, ಪಡುವಲಿಗೆ ವರುಣ, ಬಡಗಲಿಗೆ ಕುಬೇರ ಎಂದು ನೋಡಹೊರಟವನು ಕತ್ತೆತ್ತಿಕೊಂಡೇ ಸುತ್ತು ತಿರುಗಬೇಕಾಗುವುದು. ತಿರುಗುವವನು ತಾನು, ತಿರುಗಿದಂತೆ ತೋರುವುದು ಮೇಲಣ ನರ್ತನ. ತಲೆಯ ಮೇಲೆ ಭಾರವಾದ ಚಪ್ಪಡಿಯಿರುವುದನ್ನು ಮರೆತು ಅವನು ಆಕಾಶವನ್ನೇ ನೋಡುವನು.

ಅದೇ ಊರಿನ ಚೆನ್ನಕೇಶವ ದೇವಾಲಯವು 13ನೆಯ ಶತಮಾನದ ಹೊಯ್ಸಳ ಕೃತಿ. ಅದರ ಗರ್ಭಗೃಹದ ಹೊರಗೋಡೆಯು ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಒಂದು ಚೌಕವನ್ನು ಬರೆದು, ಅದರ ನಡುಬಿಂದುವನ್ನು ಕದಲಿಸದೆ, ಇಪ್ಪತ್ತೆರಡೂವರೆ ಅಂಶಗಳಂತೆ ಮೂರು ಬಾರಿ ತಿರುಗಿಸಿ ಬರೆದರೆ ಇಂತಹ ನಕ್ಷತ್ರವು ಮೂಡುವುದು. ಗಣಿತವು ಸರಳ, ಫಲವು ಅದ್ಭುತ. ಪ್ರತಿಯೊಂದು ಮೂಲೆಯೂ ಒಂದು ಮಗ್ಗುಲಲ್ಲಿ ಬಿಸಿಲನ್ನೂ ಇನ್ನೊಂದು ಮಗ್ಗುಲಲ್ಲಿ ನೆರಳನ್ನೂ ಹಿಡಿಯುವುದರಿಂದ, ಪ್ರದಕ್ಷಿಣೆ ಬರುವವನ ಕಣ್ಣಿಗೆ ಗೋಡೆಯೇ ಮಡಿಕೆ ಮಡಿಕೆಯಾಗಿ ಚಲಿಸಿದಂತೆ ಕಾಣುವುದು.

ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ. ಆದುದರಿಂದಲೇ ಕಂಬಗಳನ್ನು ತಿರುಗಣಿಯಲ್ಲಿ ತಿರುಗಿಸಿ ಕನ್ನಡಿಯಂತೆ ಹೊಳಪು ಕೊಡಲು ಸಾಧ್ಯವಾಯಿತು. ಇಂತಹ ಕಂಬದಲ್ಲಿ ಉಬ್ಬಿದ ಭಾಗವು ಮುಖವನ್ನು ಕಿರಿದಾಗಿ ನೆಟ್ಟಗೆ ತೋರುವುದು. ಒಳಸರಿದ ಭಾಗವು ತಲೆಕೆಳಗಾಗಿ ತೋರಬಲ್ಲುದು. ಕಲ್ಲು ಒಂದೇ, ನೋಡುವವನೂ ಒಬ್ಬನೇ.

ಒಂದರಲ್ಲಿ ಎರಡನ್ನು ತೋರುವ ಈ ಚಾತುರ್ಯವು ಕನ್ನಡನಾಡಿನಲ್ಲಿ ಇನ್ನೂ ಹಳೆಯದು. ಬಾದಾಮಿಯ ಮೊದಲನೆಯ ಗುಹೆಯಲ್ಲಿ, 6ನೆಯ ಶತಮಾನದಷ್ಟು ಹಿಂದೆಯೇ, ಒಂದೇ ತಲೆಗೆ ಎರಡು ಒಡಲುಗಳನ್ನು ಕೂಡಿಸಿದ ಉಬ್ಬುಶಿಲ್ಪವಿದೆ. ಒಂದು ಪಕ್ಕವನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಎತ್ತು. ಬಾತುಕೋಳಿಯೂ ಮೊಲವೂ ಆಗಿ ತೋರುವ ಚಿತ್ರವೊಂದು ಜರ್ಮನ್ ಪತ್ರಿಕೆಯಲ್ಲಿ ಅಚ್ಚಾದುದು 1892ರಲ್ಲಿ. ಸ್ವೀಡನ್ ದೇಶದ ಆಸ್ಕರ್ ರಾಯ್ಟರ್ಸ್‌ವಾರ್ಡ್‌ನು ಕಟ್ಟಲಾಗದ ತ್ರಿಕೋಣವನ್ನು ಬರೆದುದು 1934ರಲ್ಲಿ. ಇವರು ಬಾದಾಮಿಯನ್ನು ಅನುಕರಿಸಿದರೆಂದು ಹೇಳಬೇಕಾಗಿಲ್ಲ. ಮನುಷ್ಯನ ಕಣ್ಣು ಎಲ್ಲೆಡೆಯೂ ಒಂದೇ ಆಗಿರುವುದರಿಂದ ಅದನ್ನು ಬಲ್ಲವರ ದಾರಿಗಳು ಕೂಡುವುವು.

ಆದರೆ ಜನರು ಇಂತಹುದನ್ನು ಕಂಡಾಗ ಪವಾಡವೆಂದು ಕೈಮುಗಿದು ಸುಮ್ಮನಾಗುವರು. ಹಂಪೆಯ ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ ಮಹಾಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದು. ಬೆಳಕು ನೇರವಾಗಿ ಹರಿಯುವುದು; ಸಣ್ಣ ರಂಧ್ರವನ್ನು ಹೊಕ್ಕಾಗ ಶಿಖರದ ಕಿರಣವು ಕೆಳಕ್ಕೂ ಬುಡದ ಕಿರಣವು ಮೇಲಕ್ಕೂ ಬೀಳುವುದು. ಕಾರಣವನ್ನು ಅರಿತರೆ ಬೆರಗು ಕುಂದದು. ಚಿತ್ರದ ಕುದುರೆಯಂತೆ, ದೀಪ ತಂದ ಮೇಲೆಯೂ ಅದು ನಿಲ್ಲುವುದು.

ಪವಾಡವೆಂಬ ಮಾತು ಮತ್ತೊಂದು ಅನ್ಯಾಯವನ್ನೂ ಮಾಡುವುದು; ಮಾಡಿದವನನ್ನು ಮರೆಸುವುದು. ಈ ಸೀಮೆಯಲ್ಲಿ ಯಾವ ಚೆಲುವಾದ ಗುಡಿಯನ್ನು ಕಂಡರೂ ‘ಜಕಣಾಚಾರಿಯ ಕೆಲಸ’ ಎಂದುಬಿಡುವರು. ತುಮಕೂರಿನ ಬಳಿಯ ಕೈದಾಳವು ಆ ಐತಿಹ್ಯದ ತವರು. ತಂದೆ ಕಾಣದ ಕಪ್ಪೆಯನ್ನು ಮಗ ಡಂಕಣನು ಕಲ್ಲಿನೊಳಗೆ ಕಂಡನೆಂಬ ಕಥೆಯು ಸೊಗಸಾದುದೇ. ನೋಡುವ ಕಣ್ಣಿನ ಹಿರಿಮೆಯನ್ನೇ ಅದು ಹೇಳುವುದು. ಆದರೆ ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಕಲ್ಲಿನಲ್ಲಿ ಕೊರೆದಿರುವ ಹೆಸರು ಹೊನ್ನೋಜನದು. ನೆರೆಯ ನುಗ್ಗೇಹಳ್ಳಿಯಲ್ಲಿ, 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಮೇಲೆ ಬೈಚೋಜನೂ ಮಲ್ಲಿತಮ್ಮನೂ ಹೆಸರು ಬರೆದಿರುವರು. ಇರುವ ಹೆಸರನ್ನು ಓದದೆ ಇಲ್ಲದ ಹೆಸರನ್ನು ಕಾಣುವುದೂ ಒಂದು ದೃಷ್ಟಿಭ್ರಮೆಯೇ. ಇದು ಹಗ್ಗದಲ್ಲಿ ಕಂಡ ಹಾವಿನ ಜಾತಿಯದು. ದೀಪವನ್ನು ತಂದು ಇದನ್ನು ಓಡಿಸತಕ್ಕದ್ದು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅರಳಗುಪ್ಪೆಯು ಆ ಮೂರರಲ್ಲಿಲ್ಲ. ಅದರ ಗೌರವವು ಸುತ್ತಣ ಊರುಗಳವರ ಕೈಯಲ್ಲಿದೆ. ತೆಂಗಿನ ತೋಟದ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಕತ್ತೆತ್ತಿ ಸುತ್ತು ತಿರುಗುವಂತೆ ಹೇಳಿ, ಬಳಿಕ ಆ ಕಲ್ಲಿನ ಮುಂದೆ ನಿಲ್ಲಿಸಿ ಹೊನ್ನೋಜನ ಹೆಸರನ್ನು ಅವರಿಂದಲೇ ಓದಿಸಿದರೆ, ಏಳುನೂರು ವರ್ಷಗಳಿಗೂ ಮಿಕ್ಕಿದ ಋಣದಲ್ಲಿ ಸ್ವಲ್ಪವಾದರೂ ಸಂದಂತಾಗುವುದು.